ಟಿಕ್ ಹಾಕಿ ಪಡೆದ ಸರ್ಟಿಫಿಕೇಟ್‌ಗೆ ಸರ್ಕಾರದ ಹಣ ಬೇಡ

ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು 2022ರ ನವೆಂಬರ್‌ನಲ್ಲಿ ರ‍್ಯಾನ್ಸಮ್‌ವೇರ್‌ಗೆ ಸಿಕ್ಕಾಗ ಒಪಿಡಿ ಕೆಲಸವನ್ನೆಲ್ಲ ಎಷ್ಟೋ ದಿನ ಕೈಬರಹದಲ್ಲೇ ನಡೆಸಬೇಕಾಯಿತು. ನೆಟ್‌ವರ್ಕನ್ನು ಸರಿಯಾಗಿ ವಿಭಾಗಿಸದಿದ್ದುದೇ ದಾಳಿಗೆ ದಾರಿಯಾಯಿತೆಂದು ಕೇಂದ್ರ ಸರ್ಕಾರ ಮರುವರ್ಷ ಸಂಸತ್ತಿಗೆ ತಿಳಿಸಿತು. ನೆಟ್‌ವರ್ಕ್ ಸೆಗ್ಮೆಂಟೇಷನ್ ಎಂದರೇನು ಎಂದು ನಾಲ್ಕು ಆಯ್ಕೆ ಕೊಟ್ಟು ಕೇಳಿ. ಸೈಬರ್ ಸೆಕ್ಯುರಿಟಿ ಕೋರ್ಸ್ ಮುಗಿಸಿದ ಯಾರಾದರೂ ಕಣ್ಣುಮುಚ್ಚಿ ಸರಿಯುತ್ತರಕ್ಕೆ ಟಿಕ್ ಹಾಕಿಯಾರು. ರೋಗಿಗಳ ದಾಖಲೆಯಿರುವ ಸರ್ವರನ್ನು ನೋಂದಣಿ ಕೌಂಟರಿನ ಕಂಪ್ಯೂಟರುಗಳಿಂದ ಬೇರ್ಪಡಿಸಿ ತೋರಿಸು ಎಂದರೆ?

ಐಟಿಐಯ ಫಿಟ್ಟರ್ ಹುಡುಗ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ, ಅಳತೆ ಕೂಡಿಸಿ, ಪರೀಕ್ಷಕರ ಮುಂದಿಡಬೇಕು. ಅಳತೆ ತಪ್ಪಿದರೆ ವಾದಕ್ಕೆ ಎಡೆಯಿಲ್ಲ. ದೇಶದ ಬ್ಯಾಂಕು, ಆಸ್ಪತ್ರೆಗಳ ಕಾವಲಿಗೆ ಹೊರಡುವವನಿಗೆ ಮಾತ್ರ ಈ ಕಟ್ಟುನಿಟ್ಟು ಯಾಕಿಲ್ಲ?

ಖಾಸಗಿ ಮಾರುಕಟ್ಟೆಯಲ್ಲಿ ಹೆಸರು ಮಾಡಿರುವ ಸಿಇಎಚ್ (ಸರ್ಟಿಫೈಡ್ ಎಥಿಕಲ್ ಹ್ಯಾಕರ್) ಪರೀಕ್ಷೆಯಲ್ಲಿ 4 ಗಂಟೆಯಲ್ಲಿ 125 ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಬೇಕು. ಕೈಕೆಲಸ ತೋರಿಸುವ 6 ಗಂಟೆಯ ಪರೀಕ್ಷೆಯೂ ಇದೆ, ಆದರೆ ಅದು ಬೇಕಾದವರಿಗಷ್ಟೇ. ಹಳೆಯ ಪ್ರಶ್ನೆಗಳ 'ಡಂಪ್' ಟೆಲಿಗ್ರಾಮ್‌ನಲ್ಲಿ ಕೈಬದಲಾಗುವ ಕಾಲದಲ್ಲಿ ಬಹು ಆಯ್ಕೆಯ ಅಂಕ ನೆನಪಿನ ಶಕ್ತಿಗಷ್ಟೇ ಸಾಕ್ಷಿ. ಬೇರೆ ದಾರಿಯಿಲ್ಲವೆಂದಲ್ಲ. ಓಎಸ್‌ಸಿಪಿ ಎಂಬ ಇನ್ನೊಂದು ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಅಭ್ಯರ್ಥಿ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಲ್ಯಾಬ್‌ನ ಯಂತ್ರಗಳ ಮೇಲೆ ಕೆಲಸ ಮಾಡಬೇಕು, ಮರುದಿನದೊಳಗೆ ಮಾಡಿದ್ದನ್ನೆಲ್ಲ ವರದಿಯಾಗಿ ಬರೆದೊಪ್ಪಿಸಬೇಕು.

ಆ ವರದಿಯೇ ಈ ವೃತ್ತಿಯ ಅರ್ಧ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತನಗೆ ತಿಳಿಸಬೇಕು, ಸಿಸ್ಟಮ್ ಚಟುವಟಿಕೆಯ ದಾಖಲೆಗಳಾದ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ಆದೇಶಿಸಿದೆ. ರಾತ್ರಿ ಪಾಳಿಯಲ್ಲಿ ಒಂದರ ಮೇಲೊಂದು ಅಲರ್ಟ್ ಬೀಳುವಾಗ ಯಾವುದು ಸುಳ್ಳು, ಯಾವುದಕ್ಕೆ ಮೇಲಧಿಕಾರಿಯನ್ನು ಎಬ್ಬಿಸಬೇಕು ಎಂದು ತೀರ್ಮಾನಿಸಿ, ಕಾರಣವನ್ನು ನಾಲ್ಕು ಸಾಲಲ್ಲಿ ಬರೆಯುವವನೇ ಕೆಲಸಕ್ಕೆ ಬರುವವನು. ತರಗತಿಗಳಲ್ಲಿ ಹ್ಯಾಕಿಂಗ್ ಪರಿಕರಗಳಿರುವ ಕಾಲಿ ಲಿನಕ್ಸ್ ಹಾಕಿಕೊಂಡು ಹ್ಯಾಕಿಂಗ್ ತೋರಿಸುವ ಉಮೇದು ಸಾಕಷ್ಟಿದೆ. ಲಾಗ್ ಓದಿಸುವ ತಾಳ್ಮೆ ಕಡಿಮೆ. ಅನುಮತಿಯಿಲ್ಲದೆ, ಅಪ್ರಾಮಾಣಿಕ ಇಲ್ಲವೇ ವಂಚನೆಯ ಉದ್ದೇಶದಿಂದ ಬೇರೆಯವರ ಸಿಸ್ಟಮ್ ಮುಟ್ಟಿದರೆ ಐಟಿ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಎಂಬುದನ್ನು ಕೊನೆಯ ಸ್ಲೈಡಿನಲ್ಲಿ ಓಡಿಸಿಬಿಡುವವರೂ ಇದ್ದಾರೆ. ಇದು ಬೇಜವಾಬ್ದಾರಿ, ಬೇರೆ ಮಾತಿಲ್ಲ.

ಈ ದೋಷಕ್ಕೆ ಸರ್ಕಾರಿ ಯೋಜನೆಗಳೂ ಹೊರತಲ್ಲ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ತರಬೇತಿ ಕೊಡುವವರು ಬೇರೆ, ಮೌಲ್ಯಮಾಪನ ಮಾಡುವವರು ಬೇರೆ, ಅಷ್ಟರಮಟ್ಟಿಗೆ ಸರಿ. ಆದರೆ ತರಬೇತುದಾರರಿಗೆ ಸಲ್ಲುವ ದೊಡ್ಡ ಕಂತು ಅಭ್ಯರ್ಥಿಯ ತೇರ್ಗಡೆಗೆ ತಳುಕು ಹಾಕಿಕೊಂಡಿದ್ದರೆ ಎಲ್ಲರನ್ನೂ ದಾಟಿಸುವ ಒತ್ತಡ ತಾನಾಗಿ ಹುಟ್ಟುತ್ತದೆ. ಪ್ರಾಕ್ಟಿಕಲ್‌ಗೆ ಅಂಕ ನಮೂದಾಗಿದೆ ಎಂಬ ಸಮಜಾಯಿಷಿ ಸಾಲದು. ಅದು ಯಂತ್ರದ ಮುಂದೆ ನಡೆಯಿತೇ, ವೈವಾದ ಎರಡು ಪ್ರಶ್ನೆಯಲ್ಲಿ ಮುಗಿಯಿತೇ ಎಂಬುದಕ್ಕೆ ದಾಖಲೆ ಬೇಕು.

ಕರ್ನಾಟಕ ರಾಜ್ಯದ 2024ರ ಸೈಬರ್ ಭದ್ರತಾ ನೀತಿ ಕೌಶಲವೃದ್ಧಿಯ ಮಾತಾಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಸೈಸೆಕ್ ಎಂಬ ಸೈಬರ್ ಭದ್ರತಾ ಕೇಂದ್ರವೂ ಇದೆ. ರಾಜ್ಯದ ಅನುದಾನ ಪಡೆಯುವ ಪ್ರತಿ ಕೋರ್ಸಿಗೂ ಆ ಕೇಂದ್ರವೇ ಪ್ರತಿ ಬಾರಿ ಬದಲಾಗುವ ಲ್ಯಾಬ್ ಪರೀಕ್ಷೆ ರೂಪಿಸಲಿ. ಅಭ್ಯರ್ಥಿಯ ಪರದೆ ರೆಕಾರ್ಡ್ ಆಗಲಿ, ಬರೆದ ವರದಿಯನ್ನು ಹೊರಗಿನ ಪರೀಕ್ಷಕರು ನೋಡಲಿ. ಇದಕ್ಕೆ ಒಪ್ಪದ ಸಂಸ್ಥೆಗೆ ಮುಂದಿನ ಬ್ಯಾಚ್‌ನಿಂದಲೇ ಅನುದಾನ ನಿಲ್ಲಬೇಕು.