ರಕ್ತಹೀನತೆ: ನಮ್ಮ ಅಡುಗೆಮನೆಗಳು ಉತ್ತರಿಸಬೇಕಾದ ಪ್ರಶ್ನೆ

“ನನಗೇನೂ ಕಾಯಿಲೆಯಿಲ್ಲ ಬೇಟಿ, ಸ್ವಲ್ಪ ಸುಸ್ತು, ಅಷ್ಟೆ.”

ಆರೋಗ್ಯ ಶಾಸ್ತ್ರದ ವಿದ್ಯಾರ್ಥಿನಿಯರಾದ ನಾವು ಕ್ಷೇತ್ರಾಧ್ಯಯನಕ್ಕೆಂದು ಪಟ್ಟಣವೊಂದರ ಮುಸ್ಲಿಮ್ ಮೊಹಲ್ಲಾದಲ್ಲಿ ಮನೆ ಮನೆಗೆ ಹೋದಾಗ ಅತಿ ಹೆಚ್ಚು ಬಾರಿ ಕೇಳಿದ ಮಾತು ಇದು. ಹೇಳಿದವರೆಲ್ಲರೂ ಮಹಿಳೆಯರು. ಮೆಟ್ಟಿಲು ಹತ್ತಿದರೆ ಏದುಸಿರು, ಎದ್ದು ನಿಂತರೆ ಕಣ್ಣು ಕತ್ತಲೆ, ಸಂಜೆಯಾಗುವಷ್ಟರಲ್ಲಿ ಕಾಲುಗಳಲ್ಲಿ ಶಕ್ತಿಯಿಲ್ಲ. ಮೂರು ಮಕ್ಕಳ ತಾಯಿಯೊಬ್ಬರು ಅಕ್ಕಿ ಆರಿಸುತ್ತಾ ಹಸಿ ಅಕ್ಕಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. “ಇವಳಿಗೆ ಇದೊಂದು ಚಟ” ಎಂದು ಮನೆಯವರು ನಕ್ಕರು. ಹಸಿ ಅಕ್ಕಿ, ಮಣ್ಣು, ಬೂದಿಗಾಗಿ ಬಾಯಿ ಹಾತೊರೆಯುವುದು ದೇಹದಲ್ಲಿ ಕಬ್ಬಿಣದ ಅಂಶ ಬರಿದಾಗಿರುವುದರ ಲಕ್ಷಣವಾಗಿರಬಹುದು ಎಂದು ನಾವು ಪುಸ್ತಕದಲ್ಲಿ ಓದಿದ್ದೆವು. ಆ ದಿನ ಅದನ್ನು ಕಣ್ಣಾರೆ ಕಂಡೆವು.

ಆದರೆ ಇತರರ ಅಜ್ಞಾನದ ಬಗ್ಗೆ ಮಾತಾಡುವ ಮೊದಲು ನಮ್ಮ ಬಗ್ಗೆಯೇ ಹೇಳಿಕೊಳ್ಳಬೇಕಾಗಿದೆ. ಕ್ಷೇತ್ರಕ್ಕಿಳಿಯುವ ಮುನ್ನ ಅಭ್ಯಾಸಕ್ಕಾಗಿ ನಾವು ಪರಸ್ಪರರ ರಕ್ತವನ್ನು ಪರೀಕ್ಷಿಸಿಕೊಂಡಿದ್ದೆವು. ಗರ್ಭಿಣಿಯಲ್ಲದ ಮಹಿಳೆಯ ಪ್ರತಿ ಡೆಸಿಲೀಟರ್ ರಕ್ತದಲ್ಲಿ 12 ಗ್ರಾಮ್‌ಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದು ರಕ್ತಹೀನತೆ. ನಮ್ಮಲ್ಲೊಬ್ಬಳಿಗೆ 9.2 ಇತ್ತು. ಪರೀಕ್ಷೆಗಳಲ್ಲಿ ರಕ್ತಹೀನತೆಯ ಕುರಿತು ಪುಟಗಟ್ಟಲೆ ಬರೆದು ಅಂಕ ಗಳಿಸಿದ್ದ ಅವಳು, ತನ್ನ ಆಯಾಸಕ್ಕೆ ಓದಿನ ಒತ್ತಡವೇ ಕಾರಣವೆಂದು ನಂಬಿದ್ದಳು. ಅಂದರೆ ಓದು ತಲೆಯನ್ನು ತಲುಪಿತ್ತೇ ಹೊರತು ತಟ್ಟೆಯನ್ನು ತಲುಪಿರಲಿಲ್ಲ.

ಇದು ಕೆಲವರ ವೈಯಕ್ತಿಕ ಸಮಸ್ಯೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. 2015-16ರಲ್ಲಿ ಈ ಪ್ರಮಾಣ ಶೇ. 53 ಆಗಿತ್ತು. ಕರ್ನಾಟಕದಲ್ಲಿ ಅದು ಸುಮಾರು ಶೇ. 45ರಿಂದ 48ಕ್ಕೆ ಏರಿತು. ಅದೇ ಸಮೀಕ್ಷೆಯಲ್ಲಿ ದೇಶದ ಪುರುಷರ ಪೈಕಿ ರಕ್ತಹೀನತೆ ಇದ್ದವರು ಶೇ. 25 ಮಾತ್ರ. ಒಂದೇ ಮನೆ, ಒಂದೇ ಒಲೆ, ಒಂದೇ ಪಾತ್ರೆ. ಹಾಗಿದ್ದೂ ಈ ಅಂತರವೇಕೆ?

ಒಂದು ಕಾರಣ ಪ್ರಕೃತಿಯದ್ದು. ಮುಟ್ಟು, ಗರ್ಭಧಾರಣೆ ಮತ್ತು ಹೆರಿಗೆಯಿಂದಾಗಿ ಮಹಿಳೆಯ ದೇಹದಿಂದ ಕಬ್ಬಿಣ ಹೆಚ್ಚು ವ್ಯಯವಾಗುತ್ತದೆ. ಆದ್ದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರ ತನ್ನ ಶಿಫಾರಸಿನಲ್ಲಿ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಮ್ ಕಬ್ಬಿಣವನ್ನು ಸೂಚಿಸಿದರೆ ಮಹಿಳೆಗೆ 29 ಮಿಲಿಗ್ರಾಮ್ ಸೂಚಿಸಿದೆ. ಆದರೆ ಎರಡನೆಯ ಕಾರಣ ಪ್ರಕೃತಿಯದ್ದಲ್ಲ, ನಮ್ಮದು. ಯಾರಿಗೆ ಹೆಚ್ಚು ಬೇಕೋ ಅವರ ತಟ್ಟೆಗೆ ಕಡಿಮೆ ಬೀಳುತ್ತದೆ.

ಮುಸ್ಲಿಮರು ಮಾಂಸ ತಿನ್ನುವವರು, ಅವರಿಗೆಲ್ಲಿಯ ರಕ್ತಹೀನತೆ ಎಂಬ ಮಾತನ್ನು ನಾವು ಕೇಳಿದ್ದೇವೆ. ಮಾಂಸದಲ್ಲಿರುವ ಕಬ್ಬಿಣವನ್ನು ದೇಹವು ಸೊಪ್ಪು-ಕಾಳುಗಳಲ್ಲಿರುವುದಕ್ಕಿಂತ ಸುಲಭವಾಗಿ ಹೀರಿಕೊಳ್ಳುತ್ತದೆ ಎಂಬುದು ನಿಜ. ಆದರೆ ಮಾಂಸ ಮನೆಗೆ ಬರುವುದು ಬೇರೆ, ಮನೆಯೊಡತಿಯ ಹೊಟ್ಟೆ ಸೇರುವುದು ಬೇರೆ. ನಾವು ಭೇಟಿ ಕೊಟ್ಟ ಹಲವು ಮನೆಗಳಲ್ಲಿ ದಸ್ತರ್‌ಖಾನಿನ ಕ್ರಮ ಒಂದೇ ಆಗಿತ್ತು. ಮೊದಲು ಗಂಡಸರು, ಅತಿಥಿಗಳು, ಬಳಿಕ ಮಕ್ಕಳು, ಕೊನೆಗೆ ಸೊಸೆ. ಅವಳ ಪಾಲಿಗೆ ಅನ್ನ ಮತ್ತು ಸಾರು. ತುಂಡುಗಳು ಅಷ್ಟರಲ್ಲಿ ಮುಗಿದಿರುತ್ತವೆ. ಇದನ್ನು ಯಾರೂ ಅನ್ಯಾಯವೆಂದು ಭಾವಿಸಿ ಮಾಡುತ್ತಿಲ್ಲ. ಸ್ವತಃ ಅವಳೂ ಹಾಗೆ ಭಾವಿಸುವುದಿಲ್ಲ. ಹಸಿವೆಯನ್ನು ಸಹನೆಯೆಂದೂ ಆಯಾಸವನ್ನು ಗೃಹಿಣಿಯ ಸಹಜ ಸ್ಥಿತಿಯೆಂದೂ ನಾವು ಅವಳಿಗೆ ಕಲಿಸಿಬಿಟ್ಟಿದ್ದೇವೆ. ಅತ್ತೆ ಸೊಸೆಗೆ, ತಾಯಿ ಮಗಳಿಗೆ ದಾಟಿಸುತ್ತಿರುವ ಈ ಪಾಠ ನಮ್ಮ ಅತ್ಯಂತ ದುಬಾರಿ ಆಸ್ತಿ.

ಇದರ ಬೆಲೆಯೇನು? ಹೆರಿಗೆಯ ಸಂದರ್ಭದಲ್ಲಿ ತಾಯಂದಿರ ಸಾವಿಗೆ ಅತಿಯಾದ ರಕ್ತಸ್ರಾವವು ಒಂದು ಮುಖ್ಯ ಕಾರಣ. ಆರೋಗ್ಯವಂತೆಯಾದ ಮಹಿಳೆ ತಾಳಿಕೊಳ್ಳಬಹುದಾದ ರಕ್ತಸ್ರಾವವು ರಕ್ತವೇ ಇಲ್ಲದವಳ ಪ್ರಾಣಕ್ಕೆ ಎರವಾಗಬಹುದು. ಅವಳ ಮಗು ಕಡಿಮೆ ತೂಕದೊಂದಿಗೆ, ಅವಧಿಗೆ ಮುನ್ನ ಹುಟ್ಟುವ ಅಪಾಯವೂ ಹೆಚ್ಚು. ತಾಯಿಯ ಕೊರತೆ ಮಗುವಿಗೆ ಹುಟ್ಟುಸಾಲವಾಗುತ್ತದೆ. ಎಳವೆಯಲ್ಲಿ ಕಬ್ಬಿಣದ ಕೊರತೆಗೊಳಗಾದ ಮಗುವಿನ ಕಲಿಕೆಯ ಸಾಮರ್ಥ್ಯ ಕುಗ್ಗಬಹುದು. ಶಿಕ್ಷಣದಲ್ಲಿ ಸಮುದಾಯ ಹಿಂದುಳಿದಿದೆಯೆಂದು ವೇದಿಕೆಗಳಲ್ಲಿ ಮರುಗುವ ನಾವು ಆ ಹಿಂದುಳಿಯುವಿಕೆಯ ಒಂದು ಬೇರು ಅಡುಗೆಮನೆಯಲ್ಲಿಯೂ ಇರಬಹುದೆಂದು ಯೋಚಿಸಿದ್ದೇವೆಯೇ?

ಸರಕಾರದ ಹೊಣೆಯನ್ನು ಇಲ್ಲಿ ಮರೆಯುವಂತಿಲ್ಲ. ಗರ್ಭಿಣಿಯರು ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯನ್ನು ರಾಜ್ಯ ಸರಕಾರವು 2017ರಲ್ಲಿ ಆರಂಭಿಸಿತು. ಉದ್ದೇಶ ಒಳ್ಳೆಯದೇ. ಆದರೆ ತುಂಬು ಗರ್ಭಿಣಿ ಪ್ರತಿದಿನ ಅಂಗನವಾಡಿಗೆ ನಡೆದು ಹೋಗಿ ಊಟ ಮಾಡಿ ಬರುವುದು ಸುಲಭವೇ ಎಂದು ಕೇಳಬೇಕಿತ್ತು. 2018ರಲ್ಲಿ ಕೇಂದ್ರ ಸರಕಾರವು ‘ರಕ್ತಹೀನತೆ ಮುಕ್ತ ಭಾರತ’ವನ್ನು ಘೋಷಿಸಿತು. ಆದರೆ ಅದರ ಬಳಿಕದ ಸಮೀಕ್ಷೆಯಲ್ಲಿ ಪ್ರಮಾಣ ಇಳಿಯುವ ಬದಲು ಏರಿತ್ತು. ಬೆರಳ ತುದಿಯ ರಕ್ತದಿಂದ ಮಾಡುವ ಪರೀಕ್ಷೆ ನಿಖರವಲ್ಲವೆಂಬ ವಾದ ಎದ್ದಿತು ಮತ್ತು ಕುಟುಂಬ ಆರೋಗ್ಯ ಸಮೀಕ್ಷೆಯ 6ನೇ ಸುತ್ತಿನಿಂದ ರಕ್ತಹೀನತೆಯ ಪರೀಕ್ಷೆಯನ್ನೇ ಕೈಬಿಡುವ ನಿರ್ಧಾರವಾಯಿತು. ರಕ್ತನಾಳದಿಂದ ರಕ್ತ ಪಡೆಯುವ ಬೇರೊಂದು ಸಮೀಕ್ಷೆ ನಡೆಸಲಾಗುವುದು ಎನ್ನಲಾಯಿತು. ವಿಧಾನದ ಬಗೆಗಿನ ಆಕ್ಷೇಪದಲ್ಲಿ ಹುರುಳಿದೆ ಎಂಬುದನ್ನು ವಿದ್ಯಾರ್ಥಿಗಳಾಗಿ ನಾವು ಒಪ್ಪುತ್ತೇವೆ. ಆದರೆ ಅಳತೆಗೋಲು ಬದಲಾದರೆ ಹಿಂದಿನ ಅಂಕಿಯೊಂದಿಗಿನ ಹೋಲಿಕೆ ಕಷ್ಟವಾಗುತ್ತದೆ. ಆಗ ಸರಕಾರ ಉತ್ತರಿಸಬೇಕಾದ ಪ್ರಶ್ನೆಯೂ ಮಸುಕಾಗುತ್ತದೆ.

ಆಹಾರವನ್ನು ರಾಜಕೀಯಗೊಳಿಸಿದ ಪರಿಣಾಮವನ್ನೂ ಈ ರಾಜ್ಯ ಕಂಡಿದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣಿನ ಆಯ್ಕೆಯಿದ್ದೂ ಈ ವಿರೋಧ! ಅದೃಷ್ಟವಶಾತ್ ಯೋಜನೆ ನಿಲ್ಲದೆ ರಾಜ್ಯವ್ಯಾಪಿಯಾಯಿತು. ಬಡ ಮಕ್ಕಳ ತಟ್ಟೆಯ ವಿಷಯದಲ್ಲಿ ಹೀಗೆ ಅಡ್ಡಿಪಡಿಸಿದವರನ್ನು ನಾವು ಖಂಡಿಸುತ್ತೇವೆ, ಖಂಡಿಸಲೇಬೇಕು. ಅದೇ ವೇಳೆ, ನಮ್ಮ ಮನೆಯ ಹೆಣ್ಣುಮಕ್ಕಳ ತಟ್ಟೆಯಿಂದ ಮೊಟ್ಟೆ ಎತ್ತಿಕೊಂಡವರು ಯಾರೆಂದೂ ಕೇಳಿಕೊಳ್ಳಬೇಡವೇ?

ಪರಿಹಾರಗಳೇನೂ ಆಕಾಶದಲ್ಲಿಲ್ಲ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಹದಿಹರೆಯದವರಿಗೆ ವಾರಕ್ಕೊಂದು ಕಬ್ಬಿಣದ ಮಾತ್ರೆ ಉಚಿತ. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ ದೊರೆಯುತ್ತದೆ. ಖಾಸಗಿ ಶಾಲೆಗಳಿಗೆ ಹೋಗುವ ನಮ್ಮ ಪಟ್ಟಣಗಳ ಹುಡುಗಿಯರು ಈ ಎರಡೂ ಪಟ್ಟಿಗಳಿಂದ ಹೊರಗುಳಿಯುತ್ತಾರೆ ಎಂಬುದನ್ನು ಹೆತ್ತವರು ಗಮನಿಸಬೇಕು. ಗರ್ಭಿಣಿಯರಿಗೆ ಕನಿಷ್ಠ 180 ದಿನಗಳ ಮಾತ್ರೆ ಉಚಿತವಾಗಿ ಸಿಗುತ್ತದೆ. ಆದರೆ ನಾವು ಹೋದ ಮನೆಗಳಲ್ಲಿ ಆ ಮಾತ್ರೆಗಳು ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದವು. ಮಲ ಕಪ್ಪಾಗುವುದನ್ನು ಕಂಡು ಹೆದರಿದವರಿದ್ದರು, ಮಗು ಕಪ್ಪಾಗುತ್ತದೆಂದು ನಂಬಿದವರೂ ಇದ್ದರು. ಮಲ ಕಪ್ಪಾಗುವುದು ಸಹಜ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವೇ ಇಲ್ಲ. ಹೊಟ್ಟೆ ತೊಳಸಿದರೆ ಅಥವಾ ಮಲಬದ್ಧತೆಯಾದರೆ ಮಾತ್ರೆ ಎಸೆಯುವುದಲ್ಲ, ವೈದ್ಯರಲ್ಲಿ ಕೇಳಬೇಕು.

ಊಟವಾದ ಬೆನ್ನಿಗೇ ಚಹಾ ಕುಡಿಯುವ ರೂಢಿಯನ್ನೂ ಬಿಡಬೇಕಾಗಿದೆ. ಅದು ಹಾಲಿನದ್ದಿರಲಿ, ಸುಲೈಮಾನಿಯಿರಲಿ, ಚಹಾದ ಒಗರು ಅಂಶವು ಆಹಾರದ ಕಬ್ಬಿಣವನ್ನು ದೇಹಕ್ಕೆ ಸೇರದಂತೆ ತಡೆಯುತ್ತದೆ. ಒಂದೆರಡು ಗಂಟೆಯ ಅಂತರವಿರಲಿ. ಸೊಪ್ಪು, ಹುರುಳಿ, ಕಡಲೆಗಳ ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಮಾತ್ರೆಯಿಂದಲೂ ಗುಣವಾಗದಿದ್ದರೆ ಜಂತುಹುಳು, ಬಿ12 ಕೊರತೆ, ಅತಿಯಾದ ಮುಟ್ಟಿನ ಸ್ರಾವ ಅಥವಾ ವಂಶವಾಹಿಯಾದ ಥಲಸ್ಸೇಮಿಯಾ ಇರಬಹುದು. ರಕ್ತಸಂಬಂಧದೊಳಗೆ ಮದುವೆ ಮಾಡುವ ಕುಟುಂಬಗಳು ನಿಕಾಹ್‌ಗೆ ಮುನ್ನ ಥಲಸ್ಸೇಮಿಯಾ ಪರೀಕ್ಷೆ ಮಾಡಿಸಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನಿದೆ?

ಗರ್ಭಿಣಿಗೂ ಹಾಲೂಡುವ ತಾಯಿಗೂ ತಮ್ಮ ಅಥವಾ ಮಗುವಿನ ಆರೋಗ್ಯಕ್ಕೆ ತೊಂದರೆಯಾಗುವುದಾದರೆ ರಮಝಾನಿನ ಉಪವಾಸದಿಂದ ಧರ್ಮವೇ ರಿಯಾಯಿತಿ ನೀಡಿದೆ. ಅದನ್ನು ಬಳಸಿಕೊಂಡವಳನ್ನು ಓರೆನೋಟದಿಂದ ನೋಡುವವರು ನಾವು, ಧರ್ಮವಲ್ಲ. ಈ ಮಾತನ್ನು ಖತೀಬರು ಜುಮಾದ ದಿನ ಗಂಡಸರಿಗೇ ಹೇಳಬೇಕಾಗಿದೆ. ಏಕೆಂದರೆ ಮಾಂಸ ತರುವವರೂ ಮೊದಲು ಉಣ್ಣುವವರೂ ಅವರೇ. ರಕ್ತದಾನ ಶಿಬಿರಗಳನ್ನು ನಡೆಸುವ ನಮ್ಮ ಯುವಕರ ಸಂಘಟನೆಗಳು ವರ್ಷಕ್ಕೊಮ್ಮೆ ಮಹಿಳೆಯರ ಹಿಮೋಗ್ಲೋಬಿನ್ ತಪಾಸಣೆಯನ್ನೂ ಏರ್ಪಡಿಸಲಿ.

ನಮ್ಮ ಆ ಗೆಳತಿ ಈಗ ಚೇತರಿಸಿಕೊಂಡಿದ್ದಾಳೆ. ರಜೆಯಲ್ಲಿ ಮನೆಗೆ ಹೋದಾಗ ಅವಳು ಮೊದಲು ಮಾಡಿದ ಕೆಲಸ ತಾಯಿಯ ರಕ್ತ ಪರೀಕ್ಷೆ ಮಾಡಿಸಿದ್ದು. ಫಲಿತಾಂಶ ಮಗಳದ್ದಕ್ಕಿಂತಲೂ ಕಡಿಮೆಯಿತ್ತು. ಆ ರಾತ್ರಿ ಅವಳ ತಂದೆ ಏನೂ ಮಾತಾಡಲಿಲ್ಲವಂತೆ. ಮರುದಿನ ಊಟಕ್ಕೆ ಕೂತಾಗ, “ಮೊದಲು ನೀನು ಕೂತುಕೋ, ಆಮೇಲೆ ನಾವು” ಎಂದರಂತೆ. ಸಮುದಾಯದ ಸುಧಾರಣೆ ಎಂಬ ದೊಡ್ಡ ಮಾತನ್ನು ಇಷ್ಟು ಸಣ್ಣ ವಾಕ್ಯದಿಂದಲೂ ಆರಂಭಿಸಬಹುದು. ಇಂದು ರಾತ್ರಿಯ ಊಟಕ್ಕೇ ಆರಂಭಿಸಬಹುದು.