ಅತಿಥಿಯ ಪುಂಡಾಟ

ಅತಿಥಿಯನ್ನು ಆದರಿಸಬೇಕೆಂದು ನಾವು ಮೂವತ್ತು ವರ್ಷ ಪಾಠ ಹೇಳಿದೆವು. ಅತಿಥಿಯಾದವನು ಹೇಗಿರಬೇಕೆಂದು ಒಂದು ದಿನವಾದರೂ ಹೇಳಿದ ನೆನಪಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳ ಹುಡುಗರು ವಿದ್ಯೆಗೂ ಉದ್ಯೋಗಕ್ಕೂ ಸಮುದ್ರ ದಾಟುತ್ತಿರುವ ಈ ಕಾಲದಲ್ಲಿ ಆ ಲೋಪವು ನಮ್ಮನ್ನು ಬಾಧಿಸುತ್ತಿದೆ.

ಜಾನಿ ಸೊಮಾಲಿ ಎಂಬ ಹೆಸರಿನಿಂದ ತನ್ನ ಚೇಷ್ಟೆಗಳನ್ನು ಮೊಬೈಲಿನಲ್ಲಿ ನೇರಪ್ರಸಾರ ಮಾಡುತ್ತಿದ್ದ ಅಮೇರಿಕದವನೊಬ್ಬನು ಜಪಾನಿನ ಓಸಾಕಾ ನಗರದ ಖಾನಾವಳಿಯೊಂದರಲ್ಲಿ ಗದ್ದಲವೆಬ್ಬಿಸಿ, 2024ರ ಜನವರಿಯಲ್ಲಿ 2 ಲಕ್ಷ ಯೆನ್ ದಂಡಕ್ಕೆ ಗುರಿಯಾದನು. ಅಷ್ಟಕ್ಕೆ ಬುದ್ಧಿ ಬರಲಿಲ್ಲ. ಅದೇ ವರ್ಷ ದಕ್ಷಿಣ ಕೊರಿಯಕ್ಕೆ ಹೋಗಿ, ಯುದ್ಧಕಾಲದಲ್ಲಿ ಜಪಾನಿ ಸೈನಿಕರಿಂದ ಮಾನಭಂಗಕ್ಕೊಳಗಾದ ಸ್ತ್ರೀಯರ ಸ್ಮಾರಕ ಪ್ರತಿಮೆಗೆ ಮುತ್ತಿಟ್ಟು ಅವಮಾನಿಸಿದನು. ಅಂಗಡಿಯೊಂದರಲ್ಲಿ ಮಾಡಿದ ಹಾವಳಿಗಾಗಿ ನವೆಂಬರಿನಲ್ಲಿ ಮೊಕದ್ದಮೆಯಾಯಿತು; ದೇಶ ಬಿಟ್ಟು ಹೋಗಕೂಡದೆಂಬ ನಿರ್ಬಂಧವೂ ಬಿದ್ದಿತು. ಪೋಲೀಸರು ಸಾಕ್ಷಿಗಾಗಿ ಅಲೆಯಬೇಕಾಗಿರಲಿಲ್ಲ. ಸಾಕ್ಷಿಯನ್ನು ಅವನೇ ಲೋಕಕ್ಕೆಲ್ಲ ಬಿತ್ತರಿಸಿದ್ದನು!

ಇದು ದೂರದ ಮಾತೆನ್ನಬೇಡಿರಿ. ನಮ್ಮ ಹಂಪೆಯಲ್ಲಿ ಯುವಕರು ವಿಷ್ಣು ದೇವಾಲಯದ ಬಳಿಯ ಕಂಬವನ್ನು ತಳ್ಳಿ ಕೆಡಹಿದ ಚಿತ್ರವು 2019ರ ಫೆಬ್ರವರಿಯಲ್ಲಿ ಊರೂರು ಹರಡಿತು. ಅದರ ಜಾಡಿನಲ್ಲಿಯೇ ನಾಲ್ವರು ಸಿಕ್ಕಿಬಿದ್ದರು, ಪರದೇಶಿಗಳಲ್ಲ, ಪರಪ್ರಾಂತದವರು. ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಇಂಥ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆವಾಸವುಂಟು. ಹೊಸಪೇಟೆಯ ನ್ಯಾಯಾಲಯವು ತಲಾ 70,000 ರೂಪಾಯಿ ದಂಡ ವಿಧಿಸಿತು. ದಂಡವನ್ನು ತಂದೆಯಾದವನೂ ತೆತ್ತಾನು. ಆದರೆ ಕೆಡಹಿದ ಕಂಬವನ್ನು ಅವರೇ ಎತ್ತಿ ನಿಲ್ಲಿಸಬೇಕೆಂದೂ ಆಜ್ಞೆಯಾಯಿತು. ನಮಗೆ ಒಪ್ಪಿಗೆಯಾದುದು ಇದೇ. ಪುರಾತತ್ವ ಇಲಾಖೆಯವರ ಎದುರಿನಲ್ಲಿ ಆ ನಾಲ್ವರು ಕಂಬಕ್ಕೆ ಹೆಗಲು ಕೊಟ್ಟರು.