ತಾನೇ ಮಾಯುವ ಗುಳ್ಳೆ

ನಂದಗುಡಿಯ ನನ್ನ ಹಳೆಯ ಶಿಷ್ಯನೊಬ್ಬನಿಗೆ ಕೈಕಾಲುಗಳಲ್ಲಿ ಕೆಂಪು ಗುಳ್ಳೆಗಳೆದ್ದು, ನಡುವೆ ಕಪ್ಪಾಗಿ, ಕೆಲವು ವಾರಗಳಲ್ಲಿ ತಾವೇ ಮಾಯುವುವು, ಮತ್ತೆ ಏಳುವುವು. ಹೀಗೆ ಆರು ವರ್ಷ. ಅಂಟುಜಾಡ್ಯವೆಂದು ಮನೆಯವರು ಅವನ ತಟ್ಟೆಯನ್ನು ಬೇರೆ ಮಾಡಿದ್ದರು. ಬೆಂಗಳೂರಿನ ವೈದ್ಯರು ಚರ್ಮದ ಚೂರನ್ನು ತೆಗೆದು ಪರೀಕ್ಷಿಸಿ, ‘ಲಿಂಫೊಮಟಾಯ್ಡ್ ಪ್ಯಾಪ್ಯುಲೋಸಿಸ್’ ಎಂದರು. 1968ರಲ್ಲಿ ಮೆಕಾಲೆ ಎಂಬ ವೈದ್ಯನು (ನಮಗೆ ಇಂಗ್ಲಿಷ್ ಕಲಿಸಹೊರಟ ಮೆಕಾಲೆಯಲ್ಲ) ಇಟ್ಟ ಹೆಸರಿದು. ರಕ್ತದ ಬಿಳಿಯ ಕಣಗಳಲ್ಲೊಂದು ಜಾತಿಯು ವಿಕಾರಗೊಂಡು ಚರ್ಮದಲ್ಲಿ ನೆರೆಯುವುದೇ ಇದರ ಸ್ವರೂಪ, ಒಬ್ಬರಿಂದೊಬ್ಬರಿಗೆ ಅಂಟದು. ತಟ್ಟೆ ಅಂದೇ ಒಳಗೆ ಬಂದಿತು.

ಬಹುಮಂದಿಗೆ ಇದರಿಂದ ಪ್ರಾಣಭಯವಿಲ್ಲ. ಕೆಲವರಲ್ಲಿ ಮಾತ್ರ, ವರ್ಷಗಳು ಕಳೆದ ಮೇಲಾದರೂ, ಲಿಂಫೋಮವೆಂಬ ಅರ್ಬುದರೋಗವು ತಲೆದೋರಬಹುದು. ಗುಳ್ಳೆಗಳನ್ನಡಗಿಸುವ ಮದ್ದು ಆ ಅಪಾಯವನ್ನು ತಡೆಯುವುದೆಂದು ಸಿದ್ಧಪಟ್ಟಿಲ್ಲ. ಆದಕಾರಣ ಮೈ ನಿರ್ಮಲವಾಗಿದ್ದಾಗಲೂ ವೈದ್ಯರಿಗೆ ತೋರಿಸುತ್ತಿರಬೇಕು. ಮಾಯದೆ ಬೆಳೆಯುವ ಗಂಟು, ಕಂಕುಳಿನ ಗೆಡ್ಡೆ, ರಾತ್ರಿಯ ಬೆವರು ಕಂಡರೆ ಒಡನೆಯೇ ಹೋಗಬೇಕು. “ಈಗ ಒಂದೂ ಇಲ್ಲವಲ್ಲ, ಮೇಷ್ಟರೇ” ಎಂದು ಶಿಷ್ಯನು ಈ ಸಲ ಹಿಂಜರಿದನು. ನಾಳಿನ ಬೆಳಗಿನ ಬಸ್ಸಿಗೆ ನಾನೂ ಅವನೊಡನೆ ಹೊರಟಿದ್ದೇನೆ.